ಕಲ್ಲಿನ ಕಣ್ಣು

ನನ್ನ ಲೇಸರ್ ಮಿಷನ್ನಿನಲ್ಲಿ ಕಲ್ಲಿನ ಮೇಲೆ ಕೆತ್ತಿದ ಕೋಳಿ ಬೆಳಗ್ಗೆ ಎದ್ದು ಕೂಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ. ಅದನ್ನು ಕೇಳಿ ಒಬ್ಬ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಅವನ ಅಪ್ಪನದು ಒಂದೇ ಫೋಟೊ ಇತ್ತು, ಅದೂ ಸತ್ತ ಮೇಲೆ ಗೋಡೆಗೆ ಒರಗಿಸಿ ತೆಗೆದದ್ದು.

"ಕಣ್ಣು ಬಿಟ್ಟಿರೋ ಹಾಗೆ ಕೆತ್ತಿಕೊಡಣ್ಣ. ಅವ್ವ ದಿನಾ ನೋಡ್ಕೊಂಡು ಸಮಾಧಾನ ಮಾಡ್ಕೊಳ್ಳಲಿ."

"ಅಷ್ಟೇನಾ? ಎದ್ದು ಕಾಫಿ ಕೇಳ್ತಾರೆ, ನೋಡ್ತಿರು."

ಕಂಪ್ಯೂಟರಿನಲ್ಲಿ ಮಗನ ಕಣ್ಣನ್ನೇ ಅಪ್ಪನ ಮುಖಕ್ಕೆ ಕೂರಿಸಿದೆ. ಗಂಟೆಯೊಳಗೆ ಕರಿಕಲ್ಲಿನಿಂದ ಅಪ್ಪ ದಿಟ್ಟಿಸಿ ನೋಡತೊಡಗಿದ. ಮಗ ಕೈಮುಗಿದ.

ಕಲ್ಲಿನ ಧೂಳು ಒರೆಸಲು ಸೆರಗು ಹಿಡಿದು ಬಂದ ತಾಯಿ, ಏಟಿಗೆ ಅಡ್ಡ ಹಿಡಿದಂತೆ ಮೊಣಕೈಯನ್ನು ಮುಖಕ್ಕೆ ತಂದಳು.

"ಮುಚ್ಚಿಬಿಡಪ್ಪ" ಎಂದಳು. "ಆ ಕಣ್ಣು ಮುಚ್ಚಿದ ಮೇಲೇ ನಾನು ನೆಮ್ಮದಿಯಾಗಿ ಮಲಗಿರೋದು."