ಅಂಜೂರದ ಮೂಟೆಯೊಳಗಿನ ಸುರುಳಿ

ಈಜಿಪ್ಟಿನ ಆ ಹಳೆಯ ರೇವುಪಟ್ಟಣದಲ್ಲಿ ಒಂದು ವಿಚಿತ್ರ ಕಾನೂನಿತ್ತು. ಬಂದ ಹಡಗಿನಲ್ಲಿ ಸುರುಳಿ ಸುತ್ತಿದ ಪುಸ್ತಕ ಸಿಕ್ಕರೆ ಮೂಲ ಪ್ರತಿ ದೊರೆಯ ಗ್ರಂಥಾಲಯಕ್ಕೆ, ನಕಲು ಮಾತ್ರ ಒಡೆಯನಿಗೆ. ಜಪ್ತಿ ಮಾಡುವುದರಲ್ಲಿ ರೇವಿನ ಅಧಿಕಾರಿಯದು ಪಳಗಿದ ಕೈ. ಸುರುಳಿ ಬಿಚ್ಚಿ ಓದುವ ಗೋಜಿಗೆ ಅವನು ಹೋದವನೇ ಅಲ್ಲ. ಒಡೆಯ ಹೆಚ್ಚು ಅತ್ತಷ್ಟೂ ಪುಸ್ತಕ ಅಮೂಲ್ಯ ಎಂಬುದು ಅವನ ನಂಬಿಕೆ.

ಅಂದು ಎಣ್ಣೆ ವ್ಯಾಪಾರಿಯೊಬ್ಬನ ಹಡಗಿನಲ್ಲಿ, ಅಂಜೂರದ ಮೂಟೆಯ ತಳದಲ್ಲಿ, ಒಂದು ಸುರುಳಿ ಸಿಕ್ಕಿತು. ವ್ಯಾಪಾರಿ ದೊಪ್ಪನೆ ಕಾಲಿಗೆ ಬಿದ್ದ.

"ಅದೊಂದು ಬಿಟ್ಬಿಡಿ ಸ್ವಾಮಿ! ನನ್ನ ಪ್ರಾಣ ಇರೋದೇ ಅದರಲ್ಲಿ!"

ಇಷ್ಟು ಅತ್ತವರನ್ನು ಅಧಿಕಾರಿ ಕಂಡಿರಲಿಲ್ಲ. ಹಿಗ್ಗಿನಿಂದ ಸುರುಳಿಗೆ 'ಹಡಗಿನಿಂದ ಬಂದದ್ದು' ಎಂಬ ಚೀಟಿ ಕಟ್ಟಿದ. ಆಮೇಲೆ ಅವನಿಗೂ ಕರುಳು ಚುರುಕ್ಕೆಂದಿತು.

"ಅಳಬೇಡಪ್ಪ. ಅಲ್ಲಿ ನೋಡು, ಬಿಳಿ ಕಂಬಗಳ ಸಾಲು ಕಾಣ್ತಿದೆಯಲ್ಲ? ಅದರ ಹಿಂದೆ ಅಮೃತಶಿಲೆಯ ಹಜಾರ ಇದೆ. ಇದನ್ನ ಅಲ್ಲಿ ಮಹಾಕವಿಗಳ ಪಕ್ಕದಲ್ಲೇ ಇಡ್ತೀವಿ."

"ಪಕ್ಕದಲ್ಲೇ?"

"ಅದೇ ಗೂಡಿನಲ್ಲಿ."

"ಚೆನ್ನಾಗಿಲ್ಲ ಅಂತ ಯಾರಾದ್ರೂ ಎತ್ತಿ ಬಿಸಾಕಿದ್ರೆ?"

"ಹಾಗೆಲ್ಲ ಬಿಸಾಕೋಕೆ ಆಗಲ್ಲ. ಒಳಗೆ ಹೋದದ್ದು ಹೊರಗೆ ಬರೋ ಹಾಗಿಲ್ಲ, ದೊರೆಯ ಅಪ್ಪಣೆ."

ವ್ಯಾಪಾರಿ ಕಣ್ಣೊರೆಸಿಕೊಂಡು ಎದ್ದ. ಅತ್ತಿತ್ತ ನೋಡಿ ಅಧಿಕಾರಿಯ ಕಿವಿಯ ಹತ್ತಿರ ಬಾಗಿದ.

"ಹಾಗಾದ್ರೆ ಸ್ವಾಮಿ, ಆ ಮೂರನೇ ಎಣ್ಣೆ ಜಾಡಿ ಹಿಂದೇನೂ ಸ್ವಲ್ಪ ಹುಡುಕಿ. ನಾನು ಬರೆದ ಎರಡನೇ ಕವನಸಂಕಲನ ಅಲ್ಲಿದೆ. ಅದಕ್ಕೂ ಅಳಬೇಕಾ?"