ಪಕ್ಕದ ಸೀಟು

ಡ್ರೈವರ್ ಸೀಟು ಎರಡು ಹಲ್ಲು ಮುಂದೆ ಬಂದಿತ್ತು.

ಸಂಜೆ ಕೆಲಸದಿಂದ ಬಂದ ಮೇಷ್ಟ್ರು ಶೆಡ್ಡಿನ ಬಾಗಿಲಲ್ಲೇ ನಿಂತರು. ನಿನ್ನೆ ತಾವೇ ಕೊನೆಯ ಹಲ್ಲಿಗೆ ತಳ್ಳಿಟ್ಟಿದ್ದ ಸೀಟು ಅದು. ಈ ತಿಂಗಳಲ್ಲಿ ಇದು ಮೂರನೇ ಸಲ. ಮುಂದಿನ ಟೈರುಗಳ ಅಂಚು ಉಜ್ಜಿಹೋಗಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಇನ್ನೂ ಬೆಚ್ಚಗಿತ್ತು. ಹಾಡಹಗಲೇ ಯಾರೋ ಅವರ ಕಾರು ಓಡಿಸುತ್ತಿದ್ದರು. ಬೀಗ ಮಾತ್ರ ಮುರಿದಿರಲಿಲ್ಲ. ಅಂದರೆ ಮನೆಯೊಳಗಿನವರೇ ಕೀಲಿ ಕೊಟ್ಟಿರಬೇಕು.

ಮೇಷ್ಟ್ರು ಎಂದರೆ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ಸ್ಟೇರಿಂಗನ್ನು ಯಾರದೋ ಬೆವರುಗೈಗೆ ಒಪ್ಪಿಸಿ, "ನಿಧಾನ, ನಿಧಾನ" ಎನ್ನುವುದೇ ಕೆಲಸ. ಕಲಿಯುವವರು ಎಡವಟ್ಟು ಮಾಡಿದರೆ ತುಳಿಯಲು ಅವರ ಪಾದದ ಕೆಳಗೂ ಒಂದು ಬ್ರೇಕು. ಗಾಣದೆತ್ತಿನ ಹಾಗೆ ಅದೇ ನಾಲ್ಕು ಬೀದಿ, ಅದೇ ಇಪ್ಪತ್ತು ಕಿಲೋಮೀಟರ್ ವೇಗ. ಕನಸಿನಲ್ಲೂ ಸ್ಟೇರಿಂಗು ಬೇರೆಯವರ ಕೈಯಲ್ಲೇ ಇರುತ್ತಿತ್ತು. ಅವರಿಗೆ ಉಸಿರುಗಟ್ಟುತ್ತಿತ್ತು.

ತಪ್ಪಿಸಿಕೊಳ್ಳಲು ಸಿಕ್ಕ ಒಂದೇ ಕಿಂಡಿ ಆಟೋಕ್ರಾಸ್. ಖಾಲಿ ಮೈದಾನದಲ್ಲಿ ಪ್ಲಾಸ್ಟಿಕ್ ಕೋನು ನಿಲ್ಲಿಸಿ, ಅವುಗಳ ನಡುವೆ ಒಂದೊಂದೇ ಕಾರು ಬಿಟ್ಟು ಸೆಕೆಂಡು ಎಣಿಸುವ ಹವ್ಯಾಸಿಗಳ ಸ್ಪರ್ಧೆ. ಶಾಲೆ ಕೈಬಿಟ್ಟ ಪುಟ್ಟ ಹ್ಯಾಚ್‌ಬ್ಯಾಕನ್ನು ಮೇಷ್ಟ್ರು ಮನೆಗೆ ತಂದು, ಅದರ ಮೈ ಇಳಿಸತೊಡಗಿದರು. ಹಿಂದಿನ ಸೀಟು, ಕಾರ್ಪೆಟ್ಟು, ಸ್ಪೀಕರು ಎಲ್ಲ ಹೋದವು. ಕಳೆದ ತಿಂಗಳು ಪಕ್ಕದ ಸೀಟನ್ನೂ, ಅದರ ಮುಂದಿದ್ದ ಬ್ರೇಕನ್ನೂ ಹಲ್ಲು ಕಚ್ಚಿ ಬಿಚ್ಚಿದರು. ಗಟ್ಟಿ ಸ್ಪ್ರಿಂಗು, ಒಳ್ಳೆ ಹಿಡಿತದ ಟೈರು, ಎರಡು ಭುಜಕ್ಕೂ ಬಿಗಿಯುವ ಬೆಲ್ಟು ಬಂದವು. ಹೆಂಡತಿ ಟಾರ್ಚು ಹಿಡಿದು ನಿಲ್ಲುತ್ತಿದ್ದಳು. ಹನ್ನೆರಡರ ಸ್ಪ್ಯಾನರನ್ನು ಕೇಳುವ ಮೊದಲೇ ಕೈಗಿಡುತ್ತಿದ್ದಳು.

ಇಷ್ಟಾದರೂ ಐದು ಸ್ಪರ್ಧೆಯಲ್ಲಿ ಐದೂ ಸಲ ಕೊನೆ.

"ಭಾನುವಾರಾನೂ ಕೊನೆ ಬಂದ್ರೆ ಮುಂದಿನ ವರ್ಷ ಹೊಸಬ್ರಿಗೆ ಜಾಗ ಬಿಡ್ಬೇಕಾಗುತ್ತೆ ಮೇಷ್ಟ್ರೇ," ಎಂದಿದ್ದ ಮನೆ ಪಕ್ಕದ ಟೈರಂಗಡಿಯವನು. ಸ್ಪರ್ಧೆ ನಡೆಸುವ ಕ್ಲಬ್ಬಿನಲ್ಲಿ ಸಮಯ ಬರೆಯುವವನು ಅವನೇ. ಮಾತು ಮೆತ್ತಗೆ, ಆಳು ಕುಳ್ಳ. ಸೀಟನ್ನು ಎರಡು ಹಲ್ಲು ಮುಂದೆ ಎಳೆದುಕೊಳ್ಳುವಷ್ಟು ಕುಳ್ಳ.

ಮೇಷ್ಟ್ರು ಅಡುಗೆಮನೆಗೆ ಹೋದರು. "ಮಧ್ಯಾಹ್ನ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ?"

"ನೀನೆಲ್ಲಾದ್ರೂ ಹೋಗಿದ್ಯಾ?"

"ನಾನೆಲ್ಲಿ ಹೋಗ್ಲಿ? ನೀವು ಕರ್ಕೊಂಡು ಹೋದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಆ ಮಾತು ಸುಳ್ಳೆನಿಸಲಿಲ್ಲ. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಅವಳಿಗೆ, ಆಗಿನ್ನೂ ಶಾಲೆಯದಾಗಿದ್ದ ಇದೇ ಕಾರಿನಲ್ಲಿ ಹದಿನಾರು ದಿನ ಕಲಿಸಿದ್ದರು. ಕ್ಲಚ್ಚು ಬಿಟ್ಟಾಗಲೆಲ್ಲ ಕಾರು ಜಗ್ಗಿ ಇಂಜಿನ್ ಆಫ್ ಆಗುತ್ತಿತ್ತು. ಹದಿನೇಳನೇ ದಿನ, "ಇದು ನಿನ್ನ ಕೈಲಾಗಲ್ಲ, ಬಿಡು," ಎಂದುಬಿಟ್ಟರು. ಸಾವಿರಾರು ಜನಕ್ಕೆ ಕಲಿಸಿದವರ ತೀರ್ಪು. ಅಂದಿನಿಂದ ಅಕ್ಕನ ಮನೆಗೆ ಹೋಗಬೇಕಾದರೂ ಅವಳು ಗಂಡನ ಬಿಡುವಿಗೆ ಕಾಯುತ್ತಿದ್ದಳು.

ಅವಳು ಕಪಾಟಿಗೆ ಕೈ ಚಾಚಿದಾಗ ಸೆರಗು ಜಾರಿತು. ಭುಜದ ಮೇಲೊಂದು ನೀಲಿಗಟ್ಟಿದ ಗೆರೆ.

"ಏನದು?"

"ಬಾಗಿಲು ತಗುಲ್ತು," ಎಂದು ಅವಳು ಸೆರಗು ಎಳೆದುಕೊಂಡಳು.

ಮೇಷ್ಟ್ರು ಲೆಕ್ಕ ಹಾಕಿದರು. ಕೀಲಿ ಕೊಟ್ಟವಳು ಇವಳು, ಇಸಿದುಕೊಂಡವನು ಆ ಟೈರಂಗಡಿಯವನು. ಕೀಲಿಯೊಂದನ್ನೇ ಕೊಟ್ಟಳೋ, ಇನ್ನೇನು ಕೊಟ್ಟಳೋ! ಕೇಳಿ, ಅವಳು ಹೌದು ಎಂದುಬಿಟ್ಟರೆ? ಕೇಳದೆ ಶೆಡ್ಡಿಗೆ ಹೋಗಿ ಸೀಟನ್ನು ಮತ್ತೆ ಕೊನೆಯ ಹಲ್ಲಿಗೆ ತಳ್ಳಿದರು.

ಭಾನುವಾರ ಮೈದಾನದಲ್ಲಿ ಬಾವುಟ ಬಿತ್ತು. ಮೇಷ್ಟ್ರು ಕೋನುಗಳ ನಡುವೆ ನುಗ್ಗಿದರು. ಕಾರು ಬಾಣದಂತಿತ್ತು, ಕಾಲು ಮಾತ್ರ ಕೇಳಲಿಲ್ಲ. ಪ್ರತಿ ತಿರುವಿಗೂ ಮುಂಚೆಯೇ ಅದು ತಾನಾಗಿ ಬ್ರೇಕು ತುಳಿಯಿತು. ಅರವತ್ತೊಂದು ಸೆಕೆಂಡು. ಮತ್ತೆ ಕೊನೆ. ಅವರ ಆಟ ಮುಗಿದಿತ್ತು.

ಹೆಲ್ಮೆಟ್ ಕಳಚಿ, ತಲೆ ತಗ್ಗಿಸಿ ನೀರು ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಮೈಕು ಕೂಗಿತು: "ಈಗ ಅದೇ ಕಾರು, ಎರಡನೇ ಚಾಲಕರು!"

ಒಂದು ಕಾರಿನಲ್ಲಿ ಇಬ್ಬರು ಸ್ಪರ್ಧಿಸಬಹುದೆಂಬ ನಿಯಮ ಇದ್ದದ್ದು ನಿಜ. ಆದರೆ ತಮ್ಮ ಕಾರಿಗೆ? ತಿರುಗಿ ನೋಡಿದರೆ ಹೆಲ್ಮೆಟ್ ಹಾಕಿದ ತಲೆಯೊಂದು ಆಗಲೇ ಡ್ರೈವರ್ ಸೀಟಿನಲ್ಲಿತ್ತು. ಮೇಷ್ಟ್ರು ಮುಷ್ಟಿ ಬಿಗಿದು, ಕುಳ್ಳನ ಕುತ್ತಿಗೆ ಹಿಡಿಯಲು ಓಡಿದರು.

ಸಮಯ ಬರೆಯುವ ಮೇಜಿನ ಹಿಂದಿನಿಂದ ಟೈರಂಗಡಿಯವನು ಕೈಯೆತ್ತಿ ತಡೆದ. "ಪಕ್ಕಕ್ಕೆ ಬನ್ನಿ ಮೇಷ್ಟ್ರೇ, ಕಾರು ಬಿಡ್ತಿದ್ದಾರೆ."

ಕಾರು ಹೊರಟಿತು. ಬ್ರೇಕು ಬೇಕಾದಲ್ಲಿ ಮಾತ್ರ ಬಿತ್ತು. ಬಾಲ ಒಂದಿಷ್ಟು ಜಾರಿ, ಸ್ಟೇರಿಂಗಿಗೆ ಸಿಕ್ಕಿ, ಮತ್ತೆ ನೇರವಾಯಿತು. ಒಂದು ಕೋನೂ ಅಲ್ಲಾಡಲಿಲ್ಲ. ಸಿಟ್ಟಿನಲ್ಲಿದ್ದ ಮೇಷ್ಟ್ರ ಬಾಯಿಂದಲೂ "ಭೇಷ್" ಎಂಬ ಮಾತು ಜಾರಿಬಿತ್ತು.

ಐವತ್ತನಾಲ್ಕು ಸೆಕೆಂಡು.

ಹೆಲ್ಮೆಟ್ ಹೊರಬಂತು. ಬೆವರಿಗೆ ಕೂದಲು ಹಣೆಗೆ ಅಂಟಿಕೊಂಡಿತ್ತು. ಹೆಂಡತಿ!

ಮೇಷ್ಟ್ರು ಕಾರಿನ ಹತ್ತಿರ ಹೋದರು. "ಎಲ್ಲಿ ಕಲಿತೆ?"

"ಟೈರಂಗಡಿ ಹಿಂದಿನ ಬಯಲಲ್ಲಿ, ಒಬ್ಬಳೇ. ಪಾಠ ನಿಮ್ದೇ. ದಿನಾ ಬೆಳಿಗ್ಗೆ ವರಾಂಡದಲ್ಲಿ ಹುಡುಗರಿಗೆ ಹೇಳ್ತೀರಲ್ಲ, ಒಳಗಿಂದ ಕೇಳಿಸ್ಕೊಂಡೆ."

"ಅವತ್ತೂ ಅದನ್ನೇ ಹೇಳಿಕೊಟ್ಟಿದ್ದೆ ಕಣೇ. ಹದಿನಾರು ದಿನಾನೂ ಇಂಜಿನ್ ಆಫ್ ಮಾಡ್ತಿದ್ದೆಯಲ್ಲ?"

"ನಾನೂ ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ ರೀ. ನಿಮ್ಮ ಕಾಲಡಿ ಬ್ರೇಕ್ ಬಿಚ್ಚಿದ ಮೇಲೆ ಒಂದ್ಸಲಾನೂ ಆಫ್ ಆಗ್ಲಿಲ್ಲ."