‘ನಡುಗು’: ಸ್ವಂತ ವಾಕ್ಯದಲ್ಲಿ ಬಳಸಿ

“ಅಪ್ಪ ಮನೆಗೆ ಬಂದರೆ ಅಮ್ಮ ಗಡಗಡ ನಡುಗುತ್ತಿದ್ದಳು,” ಎಂದು ಎರಡನೇ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಾಗ ಮೂರನೇ ತರಗತಿಯ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಟೀಚರ್ ಬೋರ್ಡಿನ ಮೇಲೆ ಬರೆದಿದ್ದ ಪದ ‘ನಡುಗು’. ಅಲ್ಲಿಯವರೆಗಿನ ವಾಕ್ಯಗಳಲ್ಲಿ ನಾಯಿಮರಿ ಚಳಿಗೆ ನಡುಗಿತ್ತು, ಬೇಟೆಗಾರ ಹುಲಿಯನ್ನು ಕಂಡು ನಡುಗಿದ್ದ.

ಟೀಚರ್ ನಗಲಿಲ್ಲ. ಆದರೂ ಅಭ್ಯಾಸಬಲದಿಂದ ತಿದ್ದಿದರು: “ನಡುಗುತ್ತಿದ್ದಳು ಅಂದ್ರೆ ಹಿಂದೆ ಯಾವಾಗ್ಲೋ ಅಂತ ಆಗುತ್ತೆ ಪುಟ್ಟಿ. ನಡುಗುತ್ತಾಳೆ ಅನ್ನು.”

“ಇಲ್ಲ ಮಿಸ್. ನಿನ್ನೆವರೆಗೂ ನಡುಗ್ತಿದ್ಲು. ಇವತ್ತು ಬೆಳಿಗ್ಗೆ ನಾನು ಎಷ್ಟು ಅಲ್ಲಾಡಿಸಿದ್ರೂ ಏಳ್ಲೇ ಇಲ್ಲ. ಮಲಗಿರ್ಲಿ ಬಿಡು ಅಂತ ಅಪ್ಪಾನೇ ನಂಗೆ ಜಡೆ ಹಾಕಿದ್ರು.” ಹುಡುಗಿ ತನ್ನ ಸೊಟ್ಟ ಜಡೆಯನ್ನು ಮುಂದಕ್ಕೆಳೆದು ತೋರಿಸಿದಳು. ಅದು ಬುಡದಲ್ಲೇ ಬಿಚ್ಚಿಕೊಂಡಿತ್ತು.

ಟೀಚರ್ ಬಾಯಿ ತೆರೆಯುವಷ್ಟರಲ್ಲಿ ಜವಾನ ಬಾಗಿಲಲ್ಲಿ ಇಣುಕಿ ಆ ಹುಡುಗಿಯತ್ತ ಕೈ ತೋರಿಸಿದ. “ಮಿಸ್, ಈ ಮಗೂನ ಅಪ್ಪ ಬಂದಿದಾರೆ. ಅರ್ಜೆಂಟಾಗಿ ಊರಿಗೆ ಹೋಗ್ಬೇಕಂತೆ, ಬ್ಯಾಗ್ ಸಮೇತ ಕಳಿಸ್ಬೇಕಂತೆ.” ಅವನ ಹಿಂದೆ, ಕಾರಿಡಾರಿನಲ್ಲಿ, ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಟೀಚರ್ ಜವಾನನನ್ನು ತೋಳು ಹಿಡಿದು ಒಳಗೆಳೆದುಕೊಂಡು ಬಾಗಿಲಿನ ಚಿಲಕ ಹಾಕಿದರು.